ಲೀನ್ ವಿನ್ಯಾಸದಲ್ಲಿ ಬಿಮ್ ಮಾಡೆಲ್: ಯಾರಿಗೆ ಬೇಕು, ಎಷ್ಟು ಬೇಕು, ಯಾವಾಗ ಬೇಕು

1994ರ ಜನವರಿ 17ರ ನಸುಕಿನಲ್ಲಿ ಲಾಸ್ ಏಂಜಲೀಸ್ ಹತ್ತಿರದ ನಾರ್ತ್‌ರಿಜ್‌ನಲ್ಲಿ ಭೂಕಂಪವಾಯಿತು. ಹಾನಿಗೊಂಡ ಕಟ್ಟಡಗಳಲ್ಲಿ ಆಸ್ಪತ್ರೆಗಳೂ ಇದ್ದವು. ಅದೇ ವರ್ಷ ಕ್ಯಾಲಿಫೋರ್ನಿಯಾ ರಾಜ್ಯ ಎಸ್‌ಬಿ 1953 ಎಂಬ ಕಾನೂನು ತಂದಿತು. ಕುಸಿಯುವ ಅಪಾಯವಿರುವ ಆಸ್ಪತ್ರೆ ಕಟ್ಟಡಗಳನ್ನು ಗಡುವಿನೊಳಗೆ ಬಲಪಡಿಸಬೇಕು, ಇಲ್ಲವೇ ಬದಲಿ ಕಟ್ಟಡ ಕಟ್ಟಬೇಕು ಎಂಬುದು ಅದರ ಸಾರ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಪೂರ್ವಕ್ಕಿರುವ ಕ್ಯಾಸ್ಟ್ರೋ ವ್ಯಾಲಿಯಲ್ಲಿ ಸಟರ್ ಹೆಲ್ತ್ ಸಂಸ್ಥೆ ತನ್ನ ಈಡನ್ ಆಸ್ಪತ್ರೆಗೆ ಹೊಸ ಕಟ್ಟಡ ಕಟ್ಟಿಸಿದ್ದು ಈ ಗಡುವಿನ ಒತ್ತಡದಲ್ಲೇ. 130 ಹಾಸಿಗೆ, ಸುಮಾರು 32 ಕೋಟಿ ಡಾಲರ್ ಬಜೆಟ್, 2012ರ ಡಿಸೆಂಬರ್‌ನಲ್ಲಿ ಪ್ರಾರಂಭ. ಮಾಲೀಕರು, ಆರ್ಕಿಟೆಕ್ಟ್, ಎಂಜಿನಿಯರ್‌ಗಳು, ಮುಖ್ಯ ಕಂಟ್ರಾಕ್ಟರ್ ಡಿಪಿಆರ್, ಡಕ್ಟ್ (ಗಾಳಿಯ ಕೊಳವೆ), ಪೈಪ್, ವಿದ್ಯುತ್ ಕೆಲಸದ ಕಂಟ್ರಾಕ್ಟರ್‌ಗಳು, ಕಟ್ಟಡದ ಮಾಹಿತಿ ತುಂಬಿದ ಮೂರು ಆಯಾಮದ ಕಂಪ್ಯೂಟರ್ ಮಾಡೆಲ್‌ಗಳ (ಬಿಮ್) ಹೊಣೆ ಹೊತ್ತ ಘಫಾರಿ ಸಂಸ್ಥೆ, ಹೀಗೆ ಒಟ್ಟು 11 ಪಕ್ಷಗಳು ಒಂದೇ ಕರಾರಿಗೆ ಸಹಿ ಹಾಕಿದ್ದವು. ಲಾಭವಾದರೂ ನಷ್ಟವಾದರೂ ಪಾಲುದಾರರು ಒಟ್ಟಾಗಿಯೇ ಅನುಭವಿಸಬೇಕಿತ್ತು.

ಲೀನ್ ವಿನ್ಯಾಸದ, ಅಂದರೆ ವ್ಯರ್ಥ ಕೆಲಸವನ್ನೂ ಕಾಯುವಿಕೆಯನ್ನೂ ಕಡಿಮೆ ಮಾಡುವ ವಿನ್ಯಾಸ ಕ್ರಮದ, ಮಾತು ಬಂದಾಗ ಈ ಕಟ್ಟಡದ ಹೆಸರು ಬರುವುದಕ್ಕೆ ಕಾರಣ ಅಲ್ಲಿದ್ದ ತಂತ್ರಾಂಶವಲ್ಲ. ಆ ಕಾಲಕ್ಕೆ ಅಂಥ ತಂತ್ರಾಂಶ ಬೇರೆಯವರ ಬಳಿಯೂ ಇತ್ತು. ಆ ತಂಡ ಮಾಡೆಲ್ ಕೆಲಸಕ್ಕೆ ಇಳಿಯುವ ಮೊದಲು ತನ್ನ ವಿನ್ಯಾಸದ ಹಾದಿಯನ್ನೇ ಗೋಡೆಯ ಮೇಲೆ ನಕ್ಷೆ ಮಾಡಿಕೊಂಡಿತು. ಯಾವ ಮಾಹಿತಿ ಯಾರಿಂದ ಯಾರಿಗೆ ಹೋಗಬೇಕು, ಯಾವುದು ಎಲ್ಲಿ ಕಾದು ಕೂರುತ್ತದೆ ಎಂಬುದು ಮೊದಲು ಇತ್ಯರ್ಥವಾಯಿತು. ಮಾಡೆಲ್ ಬಂದದ್ದು ಅದಾದ ಮೇಲೆ.

ಬಹಳಷ್ಟು ಆಫೀಸುಗಳಲ್ಲಿ ಈ ಕ್ರಮ ತಲೆಕೆಳಗಾಗಿದೆ. ಮೊದಲು ಬಿಮ್ ಮ್ಯಾನೇಜರ್ ಬರುತ್ತಾರೆ, ಟೆಂಪ್ಲೇಟ್ ಬರುತ್ತದೆ, ನೂರು ಪುಟದ ಬಿಮ್ ಪ್ಲಾನ್ ಬರುತ್ತದೆ. ಎರಡು ತಿಂಗಳು ಪ್ರತಿ ವಿಭಾಗವೂ ತನ್ನ ಪಾಡಿಗೆ ಮಾಡೆಲ್ ಮಾಡುತ್ತದೆ. ಆಮೇಲೆ ಎಲ್ಲವನ್ನೂ ಒಂದೆಡೆ ಸೇರಿಸಿ ಕ್ಲ್ಯಾಶ್ (ಒಂದೇ ಜಾಗಕ್ಕೆ ಎರಡು ವಸ್ತು ಬಿದ್ದಿವೆಯೇ ಎಂದು ತಂತ್ರಾಂಶ ಹುಡುಕುವ ಪರೀಕ್ಷೆ) ಓಡಿಸಿದಾಗ ಸಾವಿರಾರು ಕೆಂಪು ಗುರುತು ಕಾಣಿಸುತ್ತವೆ. ಅದನ್ನು ಬಿಮ್‌ನ ಸಾಧನೆಯೆಂದು ಮೆಚ್ಚುವವರಿದ್ದಾರೆ. ನನ್ನ ದೃಷ್ಟಿಯಲ್ಲಿ ಅವು ಎರಡು ತಿಂಗಳು ಒಬ್ಬರ ಜೊತೆ ಒಬ್ಬರು ಮಾತಾಡದೆ ಮಾಡಿದ ಕೆಲಸದ ಲೆಕ್ಕ. ಸಂಶೋಧಕ ಲೌರಿ ಕೊಸ್ಕೆಲಾ 1992ರಲ್ಲಿ ಸ್ಟ್ಯಾನ್‌ಫರ್ಡ್‌ನಿಂದ ಪ್ರಕಟಿಸಿದ ವರದಿಯಲ್ಲೂ, ಗ್ಲೆನ್ ಬಲ್ಲಾರ್ಡ್ ಮತ್ತು ಗ್ರೆಗ್ ಹೋವೆಲ್ 1997ರಲ್ಲಿ ಕಟ್ಟಿದ ಲೀನ್ ಕನ್‌ಸ್ಟ್ರಕ್ಷನ್ ಇನ್‌ಸ್ಟಿಟ್ಯೂಟ್‌ನ ಕೆಲಸದಲ್ಲೂ ಒತ್ತು ಇರುವುದು ಕೆಲಸದ ಹರಿವಿನ ಮೇಲೆ. ಮಾಡೆಲ್‌ಗೂ ಅದೇ ನಿಯಮ. ಮಾಡೆಲ್ ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುವ ಪ್ರತಿ ಸಲವೂ ಅದು ಕೊಟ್ಟ ಮಾತು. ಪಡೆಯುವವರು ಕೇಳಿದ್ದು, ಕೇಳಿದಷ್ಟು ನಿಖರವಾಗಿ, ಕೇಳಿದ ದಿನಕ್ಕೆ ಸಿಗಬೇಕು. ಅದಕ್ಕಿಂತ ಕಡಿಮೆಯಾದರೆ ಮುಂದಿನವರು ಕಾಯುತ್ತಾರೆ, ಹೆಚ್ಚಾದರೆ ಯಾರೂ ಕೇಳದ ಕೆಲಸಕ್ಕೆ ಗಂಟೆಗಳು ಹೋಗುತ್ತವೆ.

ಗೋಡೆಯ ಮೇಲಿನ ಚೀಟಿಗಳು

ಪುಲ್ ಪ್ಲಾನಿಂಗ್ ಅಂದರೆ ಕೊನೆಯಿಂದ ಹಿಂದಕ್ಕೆ ಯೋಜಿಸುವುದು. ಆಸ್ಪತ್ರೆಯ 3ನೇ ಮಹಡಿಯ ಸ್ಲ್ಯಾಬ್ ಕಾಂಕ್ರೀಟ್ ಹಾಕುವ ದಿನವನ್ನು ಚೀಟಿಯಲ್ಲಿ ಬರೆದು ಗೋಡೆಯ ಬಲ ತುದಿಗೆ ಅಂಟಿಸಿ. ಅದಕ್ಕೆ ಮೊದಲು ಉಕ್ಕಿನ ಡೆಕ್ ಮೇಲೆ ಪೈಪ್ ದಾಟಲು ಸ್ಲೀವ್‌ಗಳೂ ತೂಗುಹಾಕಲು ಹ್ಯಾಂಗರ್ ಇನ್ಸರ್ಟ್‌ಗಳೂ ಕೂತಿರಬೇಕು. ಅವುಗಳ ಜಾಗ ಗೊತ್ತಾಗಬೇಕಾದರೆ ಆ ಸ್ಲ್ಯಾಬ್ ದಾಟುವ ಮತ್ತು ಅದರಿಂದ ತೂಗುವ ಡಕ್ಟ್, ಪೈಪುಗಳ ಹಾದಿ ಅಂತಿಮವಾಗಿರಬೇಕು. ಹಾದಿಗೆ ಶಾಫ್ಟ್ (ಮಹಡಿಯಿಂದ ಮಹಡಿಗೆ ಡಕ್ಟ್, ಪೈಪ್ ಹಾಯುವ ಲಂಬ ಜಾಗ) ಅಳತೆ ಬೇಕು, ಶಾಫ್ಟ್‌ಗೆ ಗಾಳಿಯ ಪ್ರಮಾಣ ಬೇಕು, ಗಾಳಿಯ ಪ್ರಮಾಣಕ್ಕೆ ಯಾವ ಕೋಣೆ ಯಾವ ಬಳಕೆಗೆಂದು ಗೊತ್ತಿರಬೇಕು. ಇನ್ನೊಂದು ಸರಪಳಿ ಇದಕ್ಕಿಂತ ಮುಂಚೆಯೇ ಶುರುವಾಗುತ್ತದೆ. ಉಕ್ಕಿನ ಆರ್ಡರ್ ಹೋಗಬೇಕಾದರೆ ಬೀಮ್ ಗಾತ್ರ ಗೊತ್ತಿರಬೇಕು, ಬೀಮ್‌ಗೆ ಎಂಆರ್‌ಐನಂಥ ಉಪಕರಣಗಳ ಭಾರ ಗೊತ್ತಿರಬೇಕು. ಆದರೆ ಆಸ್ಪತ್ರೆಯವರು ಉಪಕರಣವನ್ನು ಆದಷ್ಟು ತಡವಾಗಿ ಆರಿಸಲು ಬಯಸುತ್ತಾರೆ, ಏಕೆಂದರೆ ತಡವಾದಷ್ಟೂ ಹೊಸ ತಲೆಮಾರಿನದು ಸಿಗುತ್ತದೆ. ಈ ಎರಡು ಸರಪಳಿಗಳು ಎದುರುಬದುರಾಗುವ ಜಾಗ ಗೋಡೆಯ ಮೇಲೆ ಕಣ್ಣಿಗೆ ಹೊಡೆಯುತ್ತದೆ. ಅಲ್ಲಿ ತೀರ್ಮಾನ ಸರಳ: ಎರಡು ಮೂರು ತಯಾರಕರ ಉಪಕರಣಗಳಲ್ಲಿ ಅತಿ ಭಾರವಾದುದಕ್ಕೂ ಅತಿ ದೊಡ್ಡ ಜಾಗ ಬೇಡುವುದಕ್ಕೂ ಹೊಂದುವ ಹಾಗೆ ಆ ಭಾಗದ ರಚನೆ ಮಾಡಿ, ಆಯ್ಕೆಯನ್ನು ಮುಂದಕ್ಕೆ ಬಿಡುವುದು.

ಚೀಟಿ ಬರೆಯುವ ರೀತಿಯ ಮೇಲೆ ಎಲ್ಲವೂ ನಿಂತಿದೆ. 'ಮೆಕ್ಯಾನಿಕಲ್ ಮಾಡೆಲ್ ಶೇ 60' ಎಂದು ಬರೆದ ಚೀಟಿಯಿಂದ ಯಾರಿಗೂ ಉಪಯೋಗವಿಲ್ಲ. ಶೇ 60 ಮುಗಿದಿದೆಯೋ ಇಲ್ಲವೋ ಎಂದು ಪರೀಕ್ಷಿಸುವುದಾದರೂ ಹೇಗೆ? 'ಪೂರ್ವ ಭಾಗದ 2 ಮತ್ತು 3ನೇ ಮಹಡಿಯ ಶಾಫ್ಟ್‌ಗಳ ಹೊರ ಅಳತೆ, 2 ಇಂಚಿಗಿಂತ ಹೆಚ್ಚು ಬದಲಾಗುವುದಿಲ್ಲ, ಮೆಕ್ಯಾನಿಕಲ್ ತಂಡದಿಂದ ಸ್ಟ್ರಕ್ಚರಲ್ ತಂಡಕ್ಕೆ, ಬುಧವಾರ 14' ಎಂದು ಬರೆದರೆ ಕೊಡುವವರು, ಪಡೆಯುವವರು, ಒಳಗಿರುವುದು, ನಿಖರತೆ, ದಿನಾಂಕ ಐದೂ ಬಂದವು. ಚೀಟಿಯನ್ನು ಬರೆಯಬೇಕಾದವರು ಆ ಕೆಲಸ ಮಾಡುವ ಎಂಜಿನಿಯರ್ ಅಥವಾ ಡೀಟೇಲರ್ (ಕಟ್ಟಲು ಬೇಕಾದ ವಿವರ ಬಿಡಿಸುವವರು). ಅವರ ಪರವಾಗಿ ಮ್ಯಾನೇಜರ್ ಬರೆದ ಚೀಟಿ ಮಾತು ಕೊಟ್ಟಂತಾಗುವುದಿಲ್ಲ, ಅದು ಆಜ್ಞೆ. ಕೆಲಸ ಮಾಡುವವರೇ ಯೋಜಿಸಬೇಕೆನ್ನುವ ಲಾಸ್ಟ್ ಪ್ಲಾನರ್ ಪದ್ಧತಿ ಈ ವಿಚಾರದಲ್ಲಿ ಬಹಳ ಕಟ್ಟುನಿಟ್ಟು, ಅದು ಸರಿಯೂ ಹೌದು.

ಎಷ್ಟು ವಿವರ ಬೇಕು

ಇಡೀ ಮಾಡೆಲ್‌ಗೆ ಒಂದೇ ಎಲ್‌ಒಡಿ (ವಿವರ ಎಷ್ಟು ಬೆಳೆದಿದೆ ಎಂದು ಹೇಳುವ ಮಟ್ಟ) ಎಂದು ಕರಾರಿನಲ್ಲಿ ಬರೆಯುವುದು ಮೊದಲ ತಪ್ಪು. ಎಲ್‌ಒಡಿ ಅನ್ವಯವಾಗುವುದು ಒಂದೊಂದು ಘಟಕಕ್ಕೆ. 200 ಅಂದರೆ ಅಂದಾಜು ಗಾತ್ರ ಮತ್ತು ಜಾಗ. 300 ಅಂದರೆ ವಿನ್ಯಾಸಕಾರರು ತೀರ್ಮಾನಿಸಿದ ಗಾತ್ರ, ಆಕಾರ, ಜಾಗ. 350ರಲ್ಲಿ ಹ್ಯಾಂಗರ್, ಬ್ರೇಸ್, ಫ್ಲ್ಯಾಂಜ್ ಹೀಗೆ ಪಕ್ಕದವರ ಜೊತೆ ತಾಗುವ ಭಾಗಗಳು ಸೇರುತ್ತವೆ. 400 ಅಂದರೆ ವರ್ಕ್‌ಶಾಪಿನಲ್ಲಿ ಕತ್ತರಿಸಿ ಜೋಡಿಸುವಷ್ಟು ವಿವರ. ಒಂದೇ ದಿನ ಒಂದೇ ಮಾಡೆಲ್‌ನಲ್ಲಿ ಉಕ್ಕಿನ ಬೀಮ್ 350ರಲ್ಲೂ, ಮುಖ್ಯ ಡಕ್ಟ್ 300ರಲ್ಲೂ, ಕೋಣೆಯೊಳಗಿನ ಕವಲು ಡಕ್ಟ್ 200ರಲ್ಲೂ ಇರಬಹುದು, ಇರಬೇಕು ಕೂಡ.

ಇದಕ್ಕೆ ಒಂದು ಪಟ್ಟಿ ಸಾಕು. ಎಡಗಡೆ ಘಟಕ, ಮೇಲ್ಗಡೆ ಮೈಲಿಗಲ್ಲುಗಳು, ಒಳಗೆ ಎಲ್‌ಒಡಿ ಮತ್ತು ಹೊಣೆ ಹೊತ್ತವರ ಹೆಸರು. ಅದರ ಕೆಳಗೆ ಇನ್ನೊಂದು ಪಟ್ಟಿ ಅಷ್ಟೇ ಮುಖ್ಯ: ಏನನ್ನು ಮಾಡೆಲ್ ಮಾಡುವುದಿಲ್ಲ ಎಂಬುದು. ಒಂದೂವರೆ ಇಂಚಿಗಿಂತ ಸಣ್ಣ ಕಾಂಡ್ಯೂಟ್‌ಗಳನ್ನು (ವಿದ್ಯುತ್ ತಂತಿಯ ಕೊಳವೆಗಳನ್ನು) ಒಂದೊಂದಾಗಿ ಎಳೆಯುವ ಬದಲು ಅವುಗಳ ಗುಂಪಿಗೆ ಒಂದು ಪೆಟ್ಟಿಗೆಯಾಕಾರದ ಜಾಗ ಕಾದಿರಿಸಿದರೆ ಸಾಕಾಗುತ್ತದೆ. ತಯಾರಕರ ವೆಬ್‌ಸೈಟಿನಿಂದ ಇಳಿಸಿಕೊಂಡ, ಬೋಲ್ಟಿನ ಸುರುಳಿ ಗೆರೆಯೂ ಕಾಣುವ ವಾಲ್ವ್‌ಗಳನ್ನು ನೂರಾರು ಕಡೆ ಇಟ್ಟರೆ ಫೈಲ್ ತೆವಳುತ್ತದೆ. ಆ ವಾಲ್ವ್‌ನಿಂದ ಆ ಹಂತದಲ್ಲಿ ಬೇಕಾದದ್ದು ಹ್ಯಾಂಡಲ್ ತಿರುಗಲು ಬೇಕಾದ ಜಾಗ ಮಾತ್ರ. ಬೇಗ ವಿವರ ತುಂಬಿದವರು ಒಳ್ಳೆಯ ಕೆಲಸಗಾರರು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಹಾದಿ ಬದಲಾದ ದಿನ ಆ ವಿವರವೆಲ್ಲ ಕಸ. ಅದಕ್ಕಿಂತ ಕೆಟ್ಟದ್ದೆಂದರೆ, ಅಷ್ಟು ದುಡಿದ ಮೇಲೆ ಹಾದಿ ಬದಲಿಸಲು ಯಾರಿಗೂ ಮನಸ್ಸು ಬರುವುದಿಲ್ಲ, ಹೀಗಾಗಿ ತಪ್ಪು ಹಾದಿಯೇ ಉಳಿದುಬಿಡುತ್ತದೆ.

ಮೂಲಬಿಂದು, ಅಡಿ, ಫೈಲ್ ಹೆಸರು

ಮೊದಲ ವಾರದಲ್ಲೇ ಮುಗಿಯಬೇಕಾದ ಕೆಲವು ಕೆಲಸಗಳಿವೆ. ಇವನ್ನು ಮುಂದೂಡಿದರೆ ಆರು ತಿಂಗಳ ನಂತರ ತಿದ್ದುವುದು ಬಹಳ ಕಷ್ಟ.

ಎಲ್ಲರ ಮಾಡೆಲ್‌ಗೂ ಒಂದೇ ಮೂಲಬಿಂದು, ಒಂದೇ ಗ್ರಿಡ್, ಒಂದೇ ಮಟ್ಟಗಳು ಬೇಕು. ಗ್ರಿಡ್ ಎ ಮತ್ತು 1 ಸೇರುವ ಮೂಲೆ, ನೆಲಮಹಡಿಯ ಮಟ್ಟ, ಅಷ್ಟೇ. ಅಲ್ಲೊಂದು ಸಣ್ಣ ಘನಾಕೃತಿ ಇಟ್ಟು ಎಲ್ಲ ವಿಭಾಗದವರೂ ಅದನ್ನು ರಫ್ತು ಮಾಡಲಿ. ಸೇರಿಸಿದಾಗ ಎಲ್ಲ ಘನಗಳೂ ಒಂದರೊಳಗೊಂದು ಕೂತರೆ ಸರಿ. ಸರ್ವೆಯವರು ಕೊಟ್ಟ ನಿರ್ದೇಶಾಂಕಗಳ ದೊಡ್ಡ ಸಂಖ್ಯೆಗಳನ್ನು ನೇರವಾಗಿ ಮಾಡೆಲ್ ಮಾಡುವ ತಂತ್ರಾಂಶ ರೆವಿಟ್‌ನಲ್ಲಿ ಹಾಕಿ ಕಟ್ಟಡವನ್ನು ಅಲ್ಲಿಗೇ ಒಯ್ಯಬಾರದು. ಆಂತರಿಕ ಮೂಲಬಿಂದುವಿನಿಂದ 16 ಕಿ.ಮೀ. ಆಚೆಗೆ ಹೋದರೆ ಗೆರೆಗಳು ನಡುಗುತ್ತವೆ, ಅಳತೆ ನಂಬಲಾಗುವುದಿಲ್ಲ. ಬೆಂಗಳೂರಿನ ಯುಟಿಎಂ (ಮೀಟರಿನಲ್ಲಿ ಜಾಗ ಹೇಳುವ ಸರ್ವೆ ಪದ್ಧತಿ) ಉತ್ತರ ಸಂಖ್ಯೆಯೇ ಸುಮಾರು 14 ಲಕ್ಷ ಮೀಟರ್ ಇದೆ, ಅಂದರೆ 1,400 ಕಿ.ಮೀ. ದೂರ. ಕಟ್ಟಡ ಮೂಲದ ಹತ್ತಿರವೇ ಇರಲಿ, ಆ ದೊಡ್ಡ ಸಂಖ್ಯೆಯನ್ನು ಸರ್ವೆ ಬಿಂದುವಿಗೆ ಹೇಳಿ.

ಅಮೆರಿಕದ ಕಟ್ಟಡಗಳಲ್ಲಿ ಇನ್ನೊಂದು ಗುಂಡಿ ಇದೆ. ಸರ್ವೆ ಅಡಿ ಮತ್ತು ಅಂತರರಾಷ್ಟ್ರೀಯ ಅಡಿ ಎಂದು ಎರಡು ಅಡಿಗಳಿವೆ. ವ್ಯತ್ಯಾಸ ಹತ್ತು ಲಕ್ಷಕ್ಕೆ ಎರಡು ಪಾಲು ಮಾತ್ರ. ಕೋಣೆಯ ಅಳತೆಯಲ್ಲಿ ಇದು ಲೆಕ್ಕಕ್ಕೇ ಬರುವುದಿಲ್ಲ. ಆದರೆ ಕ್ಯಾಸ್ಟ್ರೋ ವ್ಯಾಲಿ ಇರುವ ಕ್ಯಾಲಿಫೋರ್ನಿಯಾ ಸರ್ವೆಯ 3ನೇ ವಲಯದಲ್ಲಿ ಪೂರ್ವ ಸಂಖ್ಯೆ 60 ಲಕ್ಷ ಅಡಿ ದಾಟುತ್ತದೆ. ತಪ್ಪು ಅಡಿ ಆರಿಸಿದರೆ ಕಟ್ಟಡ 12 ಅಡಿ ಪಕ್ಕಕ್ಕೆ ಸರಿಯುತ್ತದೆ. 2022ರ ಕೊನೆಗೆ ಅಮೆರಿಕ ಸರ್ವೆ ಅಡಿಯನ್ನು ಕೈಬಿಟ್ಟಿದ್ದರೂ ಹಳೆಯ ಸರ್ವೆ ದಾಖಲೆಗಳು ಅದರಲ್ಲೇ ಇವೆ. ಬೆಂಗಳೂರು, ಮೈಸೂರಿನಲ್ಲಿ ಕೂತು ಅಮೆರಿಕದ ಕಟ್ಟಡಗಳಿಗೆ ಮಾಡೆಲ್ ಮಾಡುವವರು ಮೀಟರ್‌ಗೆ ಒಗ್ಗಿದವರು, ಎರಡು ಅಡಿಗಳಿರುವ ಸಂಗತಿ ಅವರ ಗಮನಕ್ಕೆ ಬರದೇ ಹೋಗುವ ಸಂಭವ ಹೆಚ್ಚು. ಸೈಟ್ ಪ್ಲಾನ್ ಬಂದ ಕೂಡಲೇ ಕೇಳಬೇಕಾದ ಪ್ರಶ್ನೆ ಇದು.

ರೆವಿಟ್ ಹಳೆಯ ಆವೃತ್ತಿಗೆ ಹಿಂದಿರುಗುವುದಿಲ್ಲ. ಒಬ್ಬರು ಹೊಸ ವರ್ಷದ ಆವೃತ್ತಿಯಲ್ಲಿ ತೆರೆದು ಉಳಿಸಿದರೆ ಉಳಿದವರ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಆವೃತ್ತಿ ಬದಲಿಸುವುದಿದ್ದರೆ ಎಲ್ಲರೂ ಒಂದೇ ದಿನ, ಮೊದಲು ಪ್ರತಿಗಳ ಮೇಲೆ ಪರೀಕ್ಷಿಸಿ, ಆಮೇಲೆ ಬದಲಿಸಬೇಕು.

ಫೈಲ್‌ಗಳ ಜಾಗಕ್ಕೆ ಬಿಮ್ ಮಾಹಿತಿ ನಿರ್ವಹಣೆಯ ಮಾನದಂಡ ಐಎಸ್‌ಒ 19650 ಹೇಳುವ ನಾಲ್ಕು ಕೋಣೆಗಳು ಸಾಕು: ಕೆಲಸ ನಡೆಯುತ್ತಿರುವುದು, ಹಂಚಿದ್ದು, ಪ್ರಕಟಿಸಿದ್ದು, ಸಂಗ್ರಹ. ಈ ಮಾನದಂಡ 2018ರಲ್ಲಿ ಬಂತು, ಕ್ಯಾಸ್ಟ್ರೋ ವ್ಯಾಲಿ ಕಾಲದಲ್ಲಿ ಇರಲಿಲ್ಲ. ಅದಕ್ಕೂ ಮೊದಲಿನ ಬ್ರಿಟಿಷ್ ಮಾನದಂಡ ಬಿಎಸ್ 1192ರಿಂದ ಈ ವಿಚಾರ ಬಂದಿದೆ. ಹೆಚ್ಚು ಎಡವಟ್ಟಾಗುವುದು ಮೊದಲ ಎರಡು ಕೋಣೆಗಳ ನಡುವೆ. ಪಕ್ಕದ ವಿಭಾಗದ 'ಕೆಲಸ ನಡೆಯುತ್ತಿರುವ' ಫೈಲನ್ನೇ ನೇರವಾಗಿ ಲಿಂಕ್ ಮಾಡಿಕೊಂಡರೆ ಯಾವಾಗಲೂ ತಾಜಾ ಮಾಹಿತಿ ಸಿಗುತ್ತದೆಂದು ಅನಿಸುತ್ತದೆ. ವಾಸ್ತವದಲ್ಲಿ ಅಲ್ಲಿ ಯಾರೋ ಪ್ರಯೋಗಕ್ಕೆಂದು ಕಾಲಂ ಒಂದನ್ನು ಸರಿಸಿಟ್ಟಿರುತ್ತಾರೆ, ಇಲ್ಲಿಯವರು ಅದನ್ನೇ ನಿಜವೆಂದು ಡಕ್ಟ್ ತಿರುಗಿಸುತ್ತಾರೆ. ಹಂಚಿದ್ದು ಎಂಬ ಕೋಣೆಗೆ ಫೈಲ್ ಬಂದಾಗ ಅದರ ಜೊತೆ ಮೂರು ಸಾಲಿನ ಟಿಪ್ಪಣಿ ಇರಲಿ: ಹಿಂದಿನ ಸಲಕ್ಕಿಂತ ಏನು ಬದಲಾಯಿತು, ಯಾವ ಭಾಗವನ್ನು ನಂಬಿ ಮುಂದುವರಿಯಬಹುದು, ಯಾವ ಭಾಗವನ್ನು ಇನ್ನೂ ನಂಬಬಾರದು. ಮೂರನೆಯ ಸಾಲು ಹಲವರು ಬರೆಯುವುದಿಲ್ಲ. ನನಗೆ ಅದೇ ಅತ್ಯಂತ ಬೆಲೆಯುಳ್ಳ ಸಾಲು.

ವಾರದ ಲಯ ಮತ್ತು ಕ್ಲ್ಯಾಶ್

ಬುಧವಾರ ಸಂಜೆ 5ಕ್ಕೆ ಎಲ್ಲರೂ ಹಂಚುತ್ತಾರೆ. ಗುರುವಾರ ಮಾಡೆಲ್‌ಗಳನ್ನು ಜೋಡಿಸಿ ಕ್ಲ್ಯಾಶ್ ಓಡಿಸಿ, ಗುಂಪು ಮಾಡಿ, ಹೊಣೆ ಹಂಚಲಾಗುತ್ತದೆ. ಶುಕ್ರವಾರ ಬಿಗ್ ರೂಮಿನಲ್ಲಿ (ಎಲ್ಲ ಪಕ್ಷಗಳೂ ಸೇರುವ ಕೋಣೆ) ಎಲ್ಲರೂ ಕೂತು ತೀರ್ಮಾನ. ಸೋಮವಾರದಿಂದ ತಿದ್ದುಪಡಿ. ದಿನಗಳು ಯಾವುದಾದರೂ ಆಗಲಿ, ಬದಲಾಗಬಾರದು. ಒಬ್ಬರ ಮಾಡೆಲ್ ಅರ್ಧ ಮುಗಿದಿದ್ದರೂ ಬುಧವಾರ ಹಂಚಲೇಬೇಕು. ಕ್ಯಾಲಿಫೋರ್ನಿಯಾದ ಸಂಜೆ 5 ಅಂದರೆ ಬೆಂಗಳೂರಿನಲ್ಲಿ ಮರುದಿನ ಬೆಳಗಿನ 5.30, ಅಲ್ಲಿನ ಚಳಿಗಾಲದಲ್ಲಿ 6.30. ಹೀಗಾಗಿ ಇಲ್ಲಿನ ತಂಡ ಹಗಲಿನಲ್ಲಿ ಜೋಡಿಸಿ ಕ್ಲ್ಯಾಶ್ ವಿಂಗಡಿಸಿಟ್ಟರೆ ಅವರು ಗುರುವಾರ ಬೆಳಿಗ್ಗೆ ಕಚೇರಿಗೆ ಬರುವಾಗ ಪಟ್ಟಿ ಸಿದ್ಧವಿರುತ್ತದೆ. ಸಮಯದ ಅಂತರ ಇಲ್ಲಿ ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ. ಆದರೆ ಇಲ್ಲಿನ ತಂಡಕ್ಕೆ ಗೋಡೆಯ ಮೇಲಿನ ಚೀಟಿಗಳು ಕಾಣಬೇಕು. ಯಾವ ಕ್ಲ್ಯಾಶ್ ಈ ವಾರ ಮುಖ್ಯ, ಯಾವುದು ಮುಂದಿನ ತಿಂಗಳಿಗೆ ಬಿಡಬಹುದು ಎಂಬುದು ಕ್ಲ್ಯಾಶ್ ವರದಿಯಲ್ಲಿ ಇರುವುದಿಲ್ಲ, ಚೀಟಿಗಳಲ್ಲಿ ಇರುತ್ತದೆ.

ಕ್ಲ್ಯಾಶ್ ಹುಡುಕುವುದಕ್ಕಿಂತ ಅದು ಹುಟ್ಟದಂತೆ ಜಾಗ ಹಂಚುವುದು ಮೊದಲು. ಆಸ್ಪತ್ರೆಯ ಕಾರಿಡಾರ್ ಒಂದರ ಮಾದರಿ ಲೆಕ್ಕ ನೋಡೋಣ. ಮಹಡಿಯಿಂದ ಮಹಡಿಗೆ 15 ಅಡಿ, ಅಂದರೆ 4,572 ಮಿ.ಮೀ. ಸೀಲಿಂಗ್ 9 ಅಡಿಗೆ, 2,743. ಉಳಿದದ್ದು 1,829. ಡೆಕ್ ಸೇರಿ ಸ್ಲ್ಯಾಬ್ 159, ಬೀಮ್ 610, ಅದರ ಮೇಲಿನ ಅಗ್ನಿನಿರೋಧಕ ಲೇಪ 40, ಸೀಲಿಂಗಿನ ಚೌಕಟ್ಟು ಮತ್ತು ದೀಪಕ್ಕೆ 150. ಕಳೆದರೆ ಬೀಮ್ ಕೆಳಗೆ ಸಿಗುವುದು 870 ಮಿ.ಮೀ. ಮಾತ್ರ. 450 ಎತ್ತರದ ಡಕ್ಟ್‌ಗೆ ಮೇಲೆ ಕೆಳಗೆ 40ರಂತೆ ಇನ್ಸುಲೇಷನ್ ಸೇರಿ 530. ಮಿಕ್ಕಿದ್ದು 340. 100 ಮಿ.ಮೀ. ಕೇಬಲ್ ಟ್ರೇಗೆ ಮೇಲೆ ಕೈ ಹೋಗಲು 300 ಬಿಟ್ಟರೆ 400 ಬೇಕು. ಅಲ್ಲಿಗೆ ಡಕ್ಟ್ ಕೆಳಗೆ ಟ್ರೇ ಕೂರುವುದಿಲ್ಲವೆಂದು ಒಂದು ಗೆರೆ ಎಳೆಯುವ ಮೊದಲೇ ಗೊತ್ತಾಯಿತು. ಕಾರಿಡಾರ್ ಅಗಲ 8 ಅಡಿ, 2,438. ಇನ್ಸುಲೇಷನ್ ಸೇರಿ ಡಕ್ಟ್ 980, ಪಕ್ಕದಲ್ಲಿ ಟ್ರೇ 450, ಉಳಿದ ಸಾವಿರ ಚಿಲ್ಲರೆ ಮಿ.ಮೀ.ನಲ್ಲಿ ಪೈಪುಗಳ ರ‍್ಯಾಕ್. ಈ ಅಡ್ಡಕೊಯ್ತವನ್ನು ಎಲ್ಲರೂ ಒಪ್ಪಿ, ಪ್ರತಿ ವಿಭಾಗದ ಪಾಲನ್ನು ಬಣ್ಣದ ಪಾರದರ್ಶಕ ಪೆಟ್ಟಿಗೆಯಾಗಿ ಮಾಡೆಲ್‌ನಲ್ಲಿ ಇಟ್ಟರೆ ಮುಂದೆ ಬರಬಹುದಾದ ನೂರಾರು ಕ್ಲ್ಯಾಶ್‌ಗಳು ಹುಟ್ಟುವುದೇ ಇಲ್ಲ. ಅರ್ಧ ದಿನದ ಕೆಲಸ ಇದು.

ಯಾರು ಯಾರಿಗೆ ದಾರಿ ಬಿಡಬೇಕೆಂಬುದನ್ನೂ ಅದೇ ದಿನ ಬರೆದಿಡಬೇಕು. ಇಳಿಜಾರು ಬೇಕಾದ ಡ್ರೈನ್ ಪೈಪಿಗೆ ಮೊದಲ ಹಕ್ಕು. ಅಡಿಗೆ ಕಾಲು ಇಂಚಿನ ಇಳಿಜಾರು ಎಂದರೆ ಸುಮಾರು ಶೇ 2; 30 ಮೀಟರ್ ಓಡಿದರೆ 600 ಮಿ.ಮೀ.ಗಿಂತ ಹೆಚ್ಚು ಕೆಳಗಿಳಿಯುತ್ತದೆ. 870ರ ಜಾಗದಲ್ಲಿ 600 ಅಂದರೆ ಏನೆಂದು ಹೇಳಬೇಕಿಲ್ಲ, ಡ್ರೈನ್ ಸ್ಟ್ಯಾಕ್‌ಗಳು (ಲಂಬ ಕೊಳವೆಗಳು) ಹತ್ತಿರ ಹತ್ತಿರ ಬರಲೇಬೇಕು, ಅದು ಆರ್ಕಿಟೆಕ್ಟ್ ಶೌಚಾಲಯಗಳನ್ನು ಜೋಡಿಸುವಾಗಲೇ ಆಗಬೇಕಾದ ಮಾತು. ಎರಡನೆಯದು ದೊಡ್ಡ ಡಕ್ಟ್. ಆಮೇಲೆ ರೋಗಿಗಳ ಪರೀಕ್ಷಾ ಮಾದರಿಗಳನ್ನೂ ಔಷಧಿಗಳನ್ನೂ ಸಾಗಿಸುವ ನ್ಯೂಮ್ಯಾಟಿಕ್ ಟ್ಯೂಬ್, ಏಕೆಂದರೆ ಅದರ ತಿರುವು ಅಗಲ, ಮೊಣಕೈ ಹಾಕಿ ತಿರುಗಿಸಲಾಗದು. ನಂತರ ಟ್ರೇ, ಒತ್ತಡದ ಪೈಪುಗಳು, ಸ್ಪ್ರಿಂಕ್ಲರ್ ಕವಲುಗಳು. ಬಗ್ಗಬಲ್ಲವರು ಕೊನೆಗೆ.

ಕ್ಲ್ಯಾಶ್ ಹುಡುಕುವ ತಂತ್ರಾಂಶ ನ್ಯಾವಿಸ್‌ವರ್ಕ್ಸ್‌ನಲ್ಲಿ ಎಲ್ಲವನ್ನೂ ಎಲ್ಲದರ ವಿರುದ್ಧ ಶೂನ್ಯ ಸಹಿಷ್ಣುತೆಯಲ್ಲಿ ಓಡಿಸಬೇಡಿ. ಇನ್ಸುಲೇಷನ್‌ಗೆ ಹ್ಯಾಂಗರ್ ತಾಗಿದ್ದೂ, ಗೋಡೆಯೊಳಗೆ ಹೋಗಲೇಬೇಕಾದ ಪೈಪೂ ಎಲ್ಲ ಕೆಂಪಾಗುತ್ತವೆ. ಮೊದಲು ಸ್ಟ್ರಕ್ಚರ್ ವಿರುದ್ಧ ಡ್ರೈನ್ ಮತ್ತು ಮುಖ್ಯ ಡಕ್ಟ್, ಸುಮಾರು 25 ಮಿ.ಮೀ. ಸಹಿಷ್ಣುತೆ. ಅದು ತೀರಿದ ಮೇಲೆ ಡಕ್ಟ್ ವಿರುದ್ಧ ಪೈಪ್, ಆಮೇಲೆ ಸಣ್ಣವು. ಒಂದು ಡಕ್ಟ್ 2 ಇಂಚು ಮೇಲೆ ಹೋದರೆ ಒಮ್ಮೆಗೇ 40 ಕ್ಲ್ಯಾಶ್ ಮಾಯವಾಗಬಹುದು. ಆ 40ನ್ನೂ ಒಂದು ಗುಂಪು ಮಾಡಿ ಒಂದು ಸಮಸ್ಯೆ ಎಂದು ಎಣಿಸಿ. ಕ್ಲ್ಯಾಶ್ ಸಂಖ್ಯೆ ಇಳಿಯುವ ಗ್ರಾಫನ್ನು ಮಾಲೀಕರಿಗೆ ತೋರಿಸುವ ಪದ್ಧತಿ ಬಿಡಬೇಕು. ಹತ್ತು ನಿಮಿಷದಲ್ಲಿ ಸರಿಯಾಗುವ ನೂರು ಕ್ಲ್ಯಾಶ್ ಮುಗಿಸಿ, ಶಾಫ್ಟ್ ಸಾಲದೆಂಬ ಒಂದನ್ನು ಬಾಕಿ ಇಟ್ಟರೂ ಗ್ರಾಫ್ ಚೆನ್ನಾಗಿಯೇ ಕಾಣುತ್ತದೆ. ನೋಡಬೇಕಾದದ್ದು ಒಂದು ಸಮಸ್ಯೆ ಎಷ್ಟು ದಿನದಿಂದ ತೆರೆದಿದೆ ಎಂಬುದನ್ನು. ಎರಡು ಶುಕ್ರವಾರ ದಾಟಿದ ಸಮಸ್ಯೆ ಡೀಟೇಲರ್‌ಗಳ ಕೈಲಾಗುವುದಲ್ಲ, ಅದನ್ನು ತೀರ್ಮಾನಿಸುವ ಅಧಿಕಾರವಿರುವವರು ಕೋಣೆಗೆ ಬರಬೇಕು.

ಇನ್ನೂ ಒಂದು ಸಣ್ಣ ಸಂಗತಿ ಬಹಳ ಸಮಯ ತಿನ್ನುತ್ತದೆ. ಮಾಡೆಲ್ ಮಾಡುವವರು ಪೈಪನ್ನು ಸರಿಸುವ ಬದಲು ಅಳಿಸಿ ಹೊಸದಾಗಿ ಎಳೆದರೆ ಅದಕ್ಕೆ ಹೊಸ ಗುರುತಿನ ಸಂಖ್ಯೆ ಬರುತ್ತದೆ. ಕಳೆದ ವಾರ ಪರಿಶೀಲಿಸಿ ಒಪ್ಪಿದ ಕ್ಲ್ಯಾಶ್ ಮತ್ತೆ 'ಹೊಸದು' ಎಂದು ತಲೆ ಎತ್ತುತ್ತದೆ. ಆದಷ್ಟು ಸರಿಸಿ, ಅಳಿಸಬೇಡಿ. ಹಾಗೆಯೇ ನ್ಯಾವಿಸ್‌ವರ್ಕ್ಸ್‌ನ ಜೋಡಣೆಯ ಎನ್‌ಡಬ್ಲ್ಯುಎಫ್ ಫೈಲ್ ಒಂದೇ ಇರಲಿ, ಕ್ಲ್ಯಾಶ್‌ಗಳ ಇತಿಹಾಸ ಅದರಲ್ಲಿ ಉಳಿಯುತ್ತದೆ. ಪ್ರತಿ ವಾರದ ಚಿತ್ರಣವನ್ನು ಎನ್‌ಡಬ್ಲ್ಯುಡಿ ಆಗಿ ದಿನಾಂಕದೊಡನೆ ಸಂಗ್ರಹಕ್ಕೆ ಹಾಕಿ.

ತಂತ್ರಾಂಶಕ್ಕೆ ಕಾಣದ ಕ್ಲ್ಯಾಶ್‌ಗಳೇ ಸೈಟಿನಲ್ಲಿ ದುಬಾರಿ. ಅಮೆರಿಕದ ವಿದ್ಯುತ್ ಸಂಹಿತೆಯಂತೆ ಪ್ಯಾನೆಲ್ ಮುಂದೆ ಕನಿಷ್ಠ 3 ಅಡಿ ಖಾಲಿ ಇರಬೇಕು, ಪ್ಯಾನೆಲ್ ನೇರ ಮೇಲಿನ ಜಾಗದಲ್ಲಿ ನೀರಿನ ಪೈಪ್ ಹಾಯಬಾರದು. ಖಾಲಿ ಜಾಗ ಘನವಸ್ತುವಲ್ಲವಾದ್ದರಿಂದ ಸಾಮಾನ್ಯ ಪರೀಕ್ಷೆಗೆ ಸಿಗುವುದಿಲ್ಲ. ಪ್ಯಾನೆಲ್, ಗಾಳಿಯ ಪ್ರಮಾಣ ನಿಯಂತ್ರಿಸುವ ವಿಎವಿ ಪೆಟ್ಟಿಗೆಯ ಬಾಗಿಲು, ಫಿಲ್ಟರ್ ಹೊರಗೆಳೆಯುವ ದಾರಿ, ಇವೆಲ್ಲಕ್ಕೂ ಪಾರದರ್ಶಕ ಘನ ಇಟ್ಟೇ ಪರೀಕ್ಷಿಸಬೇಕು. ಭೂಕಂಪದ ನಾಡಿನ ಆಸ್ಪತ್ರೆಯಲ್ಲಿ ಪೈಪ್, ಡಕ್ಟ್‌ಗಳಿಗೆ ಓರೆ ಬ್ರೇಸ್‌ಗಳು ಇದ್ದೇ ಇರುತ್ತವೆ. 45 ಡಿಗ್ರಿಯಲ್ಲಿ ಇಳಿಯುವ ಆ ಬ್ರೇಸ್ ಪಕ್ಕದವರ ಜಾಗಕ್ಕೆ ನುಗ್ಗುತ್ತದೆ. ಅವನ್ನು ಬಿಟ್ಟು ಮಾಡಿದ ಸಮನ್ವಯ ಕಾಗದದ ಮೇಲಷ್ಟೇ ಸರಿ.

ವಾರದ ಕೊನೆಗೆ ಪಿಪಿಸಿ ಲೆಕ್ಕ: ಕೊಟ್ಟ ಮಾತುಗಳಲ್ಲಿ ಪೂರ್ತಿ ಈಡೇರಿದ್ದು ಎಷ್ಟು. 20ರಲ್ಲಿ 14 ಆದರೆ ಶೇ 70. ಶೇ 90ರಷ್ಟು ಮುಗಿದದ್ದು ಮುಗಿದಿಲ್ಲ ಎಂದೇ ಲೆಕ್ಕ. ಆದರೆ ಈ ಸಂಖ್ಯೆ ಯಾರನ್ನೂ ಬೈಯಲಿಕ್ಕಲ್ಲ. ಈಡೇರದ ಆರಕ್ಕೂ ಕಾರಣ ಬರೆಯಬೇಕು: ಬೇಕಾದ ಮಾಹಿತಿ ಬರಲಿಲ್ಲ, ಮಾಲೀಕರ ತೀರ್ಮಾನ ಆಗಲಿಲ್ಲ, ಅಂದಾಜಿಗಿಂತ ಕೆಲಸ ದೊಡ್ಡದಿತ್ತು. ನಾಲ್ಕು ವಾರ ಒಂದೇ ಕಾರಣ ಮೇಲೆ ಬಂದರೆ ಅಲ್ಲಿ ಕೈಹಾಕಬೇಕು. ಪಿಪಿಸಿಗೆ ಬಹುಮಾನ ಕಟ್ಟಿದ ಕೂಡಲೇ ಜನ ಸುಲಭದ ಮಾತುಗಳನ್ನೇ ಕೊಡಲು ಶುರುಮಾಡುತ್ತಾರೆ, ಅಲ್ಲಿಗೆ ಅದರ ಉಪಯೋಗ ಮುಗಿಯಿತು.

ಪರ್ಯಾಯಗಳು ಮತ್ತು ಗುರಿ ವೆಚ್ಚ

ಲೀನ್ ವಿನ್ಯಾಸದಲ್ಲಿ ಎರಡು ಮೂರು ಪರ್ಯಾಯಗಳನ್ನು ಒಟ್ಟಿಗೆ ಮುಂದಕ್ಕೆ ಒಯ್ಯುತ್ತಾರೆ, ಬೇಗ ಒಂದನ್ನು ಆರಿಸಿ ಆಮೇಲೆ ಹಿಂದೆ ಬರುವುದಕ್ಕಿಂತ ಅದು ಅಗ್ಗ. ಮಾಡೆಲ್‌ನಲ್ಲಿ ಪ್ರತಿ ಪರ್ಯಾಯವನ್ನೂ ಬೇರೆ ಲಿಂಕ್ ಫೈಲ್ ಆಗಿ ಇಡುವುದು ಒಳ್ಳೆಯದು. ಒಂದೇ ಫೈಲಿನೊಳಗೆ ಡಿಸೈನ್ ಆಪ್ಷನ್ ಎಂದು ಇಟ್ಟರೆ ಫೈಲ್ ಭಾರವಾಗುತ್ತದೆ, ರಫ್ತು ಮಾಡುವಾಗ ಯಾವುದು ಹೋಯಿತೆಂದು ಗೊಂದಲವಾಗುತ್ತದೆ. ಪ್ರತಿ ಪರ್ಯಾಯಕ್ಕೂ ತೀರ್ಮಾನದ ಕೊನೆ ದಿನಾಂಕ ಇರಲಿ. ಆ ದಿನ ಬಿಟ್ಟುಕೊಟ್ಟದ್ದನ್ನು ಸಂಗ್ರಹಕ್ಕೆ ಸರಿಸಿ, ಏಕೆ ಬಿಟ್ಟೆವೆಂಬ ಒಂದು ಎ3 ಹಾಳೆಯನ್ನು ಜೊತೆಗಿಡಿ. ಆರು ತಿಂಗಳ ಮೇಲೆ ಹೊಸಬರೊಬ್ಬರು ಅದೇ ಸಲಹೆ ತಂದಾಗ ಆ ಹಾಳೆ ಒಂದು ವಾರ ಉಳಿಸುತ್ತದೆ.

ಸತ್ತ ಪರ್ಯಾಯ ಫೈಲಿನಲ್ಲಿ ಉಳಿದುಬಿಟ್ಟರೆ ಮೊದಲ ಪೆಟ್ಟು ವೆಚ್ಚದ ಲೆಕ್ಕಕ್ಕೆ. ಗುರಿ ವೆಚ್ಚದ ವಿನ್ಯಾಸದಲ್ಲಿ, ಅಂದರೆ ಮೊದಲೇ ನಿಗದಿಯಾದ ವೆಚ್ಚದೊಳಗೆ ವಿನ್ಯಾಸ ಮಾಡುವಾಗ, ಎಸ್ಟಿಮೇಟರ್ ಮಾಡೆಲ್‌ನಿಂದ ಕೆಲವೇ ವಾರಗಳಿಗೊಮ್ಮೆ ಪ್ರಮಾಣ ತೆಗೆಯುತ್ತಾರೆ. ಅವರು ಎಡವುವ ಜಾಗಗಳು ಹೆಚ್ಚುಕಡಿಮೆ ಎಲ್ಲೆಡೆ ಒಂದೇ. ಗೋಡೆ ಸೀಲಿಂಗ್‌ವರೆಗೋ ಡೆಕ್‌ವರೆಗೋ? ಮಾಡೆಲ್ ಮಾಡಿದವರು ಎಲ್ಲ ಗೋಡೆಯನ್ನೂ ಡೆಕ್‌ವರೆಗೆ ಎಳೆದಿದ್ದರೆ 9 ಅಡಿಯ ಗೋಡೆಗೆ 14 ಅಡಿಯ ಬಿಲ್ ಬರುತ್ತದೆ. ಎರಡು ಸ್ಲ್ಯಾಬ್ ಒಂದರ ಮೇಲೊಂದು ಬಿದ್ದಿದ್ದರೆ ಕಾಂಕ್ರೀಟ್ ಎರಡು ಸಲ ಎಣಿಕೆಯಾಗುತ್ತದೆ. ಆರ್ಕಿಟೆಕ್ಟ್ ಮಾಡೆಲ್‌ನಲ್ಲೂ ಸ್ಟ್ರಕ್ಚರಲ್ ಮಾಡೆಲ್‌ನಲ್ಲೂ ಅದೇ ಕಾಲಂ ಇರುತ್ತದೆ. ಕಂಬಿಗಳನ್ನು ಆ ಹಂತದಲ್ಲಿ ಮಾಡೆಲ್ ಮಾಡಿರುವುದಿಲ್ಲ, ಘನ ಮೀಟರ್‌ಗೆ ಇಷ್ಟು ಕಿಲೋ ಎಂಬ ಅನುಪಾತವೇ ಗತಿ. ಆದ್ದರಿಂದ ಎಸ್ಟಿಮೇಟ್‌ನ ಪ್ರತಿ ಸಾಲಿನ ಮುಂದೆ ಇದು ಮಾಡೆಲ್‌ನಿಂದ ಬಂದದ್ದೋ, ಅನುಪಾತದಿಂದಲೋ, ಊಹೆಯಿಂದಲೋ ಎಂದು ಬರೆಯಬೇಕು. ವೆಚ್ಚ ಏರಿದಾಗ ಕಾರಣವನ್ನೂ ಎರಡಾಗಿ ಬಿಡಿಸಬೇಕು. ವಿನ್ಯಾಸ ನಿಜವಾಗಿ ಬದಲಾಗಿ ಏರಿತೇ, ಇಲ್ಲ ಇದುವರೆಗೆ ಮಾಡೆಲ್‌ನಲ್ಲಿ ಇರದಿದ್ದದ್ದು ಈಗ ಬಂದು ಏರಿತೇ? ಎರಡಕ್ಕೂ ಮದ್ದು ಬೇರೆ. ಇದನ್ನು ಬೆರೆಸಿ ಹೇಳಿದರೆ ತಂಡ ಗಾಬರಿಯಾಗಿ ಆಸ್ಪತ್ರೆಗೆ ಬೇಕಾದದ್ದನ್ನೇ ಕತ್ತರಿಸಲು ಹೊರಡುತ್ತದೆ.

ಮುದ್ರೆ ಬಿದ್ದ ಮೇಲೆ

ಇಡೀ ಕಟ್ಟಡವನ್ನು ಒಂದೇ ದಿನ ಅಂತಿಮಗೊಳಿಸುವ ಅಗತ್ಯವಿಲ್ಲ. ಕಾಂಕ್ರೀಟ್ ಹಾಕುವ ಕ್ರಮದಲ್ಲೇ ಭಾಗ ಭಾಗವಾಗಿ ಸಹಿ ಹಾಕಿಸಿ. ಸಹಿ ಹಾಕುವವರು ಆ ಭಾಗದ ಡೀಟೇಲರ್ ಮತ್ತು ಫೋರ್‌ಮನ್. ಅಳವಡಿಸುವವರ ಕಣ್ಣು ಬಿದ್ದಾಗಲೇ ಬೋಲ್ಟ್ ಬಿಗಿಯಲು ಸ್ಪ್ಯಾನರ್ ಹೋಗುವುದಿಲ್ಲ ಎಂಬಂಥ ವಿಷಯ ಹೊರಬರುತ್ತದೆ. ಸಹಿಯಾದ ಭಾಗದಿಂದ ಹ್ಯಾಂಗರ್ ಇನ್ಸರ್ಟ್‌ಗಳ ಬಿಂದುಗಳನ್ನು ರಫ್ತು ಮಾಡಿ, ಟೋಟಲ್ ಸ್ಟೇಷನ್ ಎಂಬ ಸರ್ವೆ ಉಪಕರಣದಿಂದ ಡೆಕ್ ಮೇಲೆ ಗುರುತು ಹಾಕುತ್ತಾರೆ. ಅಲ್ಲಿಂದ ಮುಂದೆ ಆ ಪೈಪನ್ನು ಮಾಡೆಲ್‌ನಲ್ಲಿ ಸರಿಸಿದರೆ ಇನ್ಸರ್ಟ್ ಕಾಂಕ್ರೀಟಿನಲ್ಲಿ ಹಳೆಯ ಜಾಗದಲ್ಲೇ ಉಳಿಯುತ್ತದೆ.

ಕ್ಯಾಲಿಫೋರ್ನಿಯಾದ ಆಸ್ಪತ್ರೆಗಳಿಗೆ ರಾಜ್ಯದ ಸಂಬಂಧಪಟ್ಟ ಇಲಾಖೆಯ ಒಪ್ಪಿಗೆ ಬೇಕು. ಕ್ಯಾಸ್ಟ್ರೋ ವ್ಯಾಲಿಯ ತಂಡ ಡ್ರಾಯಿಂಗ್‌ಗಳನ್ನು ಹಂತ ಹಂತವಾಗಿ ಪರಿಶೀಲನೆಗೆ ಕೊಟ್ಟಿತು. ಇದರಿಂದ ಮಾಡೆಲ್ ನಿರ್ವಹಣೆಗೆ ಒಂದು ಹೆಚ್ಚಿನ ಹೊಣೆ ಬರುತ್ತದೆ: ಒಪ್ಪಿಗೆಗೆ ಹೋದ ಹಾಳೆಗಳು ಯಾವ ದಿನದ ಮಾಡೆಲ್‌ನಿಂದ ಬಂದವು ಎಂಬುದು ಯಾವಾಗಲೂ ತಿಳಿದಿರಬೇಕು. ಹಾಳೆ ಹೊರಟ ದಿನದ ಫೈಲುಗಳ ಪ್ರತಿಯನ್ನು ಲಿಂಕ್‌ಗಳ ಸಮೇತ ಬೇರೆ ಇಟ್ಟು ಮುಟ್ಟದಂತೆ ಬೀಗ ಹಾಕಿ. ಹಾಳೆಯ ಮೇಲೆ ಕೈಯಾರೆ ಬರೆದ ಅಳತೆ, ಮಾಡೆಲ್‌ಗೆ ಸೇರದ ಎರಡು ಆಯಾಮದ ಗೆರೆ ಇವೆರಡೂ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಪರಿಶೀಲಕರು ಒಪ್ಪುವುದು ಹಾಳೆಯನ್ನು, ಕಟ್ಟುವವರು ನೋಡುವುದು ಮಾಡೆಲನ್ನು. ಎರಡರ ನಡುವೆ ಅಂತರ ಬಂದರೆ ಸೈಟಿನಲ್ಲಿ ಇನ್‌ಸ್ಪೆಕ್ಟರ್ ಕೆಲಸ ನಿಲ್ಲಿಸುತ್ತಾರೆ.

ಕರಾರಿನಲ್ಲಿ 'ಮಾಡೆಲ್ ಮಾಹಿತಿಗಾಗಿ ಮಾತ್ರ, ಇದನ್ನು ನೆಚ್ಚಬಾರದು' ಎಂದು ವಕೀಲರು ಸೇರಿಸುವ ಸಾಲನ್ನು ಕೆಲಸ ಶುರುವಾಗುವ ಮೊದಲೇ ತೆಗೆಸಿ. ಅದು ಇದ್ದಷ್ಟು ದಿನ ಪ್ರತಿ ಕಂಟ್ರಾಕ್ಟರ್ ಕೂಡ ವಿನ್ಯಾಸಕಾರರ ಮಾಡೆಲನ್ನು ಪಕ್ಕಕ್ಕಿಟ್ಟು, ಹಾಳೆಗಳನ್ನು ನೋಡಿ ಸೊನ್ನೆಯಿಂದ ತನ್ನದೇ ಮಾಡೆಲ್ ಮಾಡುತ್ತಾನೆ. ಅದೇ ಡಕ್ಟ್ ಎರಡು ಸಲ ಮಾಡೆಲ್ ಆಗುತ್ತದೆ, ಎರಡರ ವೆಚ್ಚವನ್ನೂ ಮಾಲೀಕರೇ ಕೊಡುತ್ತಾರೆ. ಅದರ ಬದಲು ಯಾವ ಘಟಕವನ್ನು ಯಾವ ದಿನದಿಂದ, ಯಾವ ಅಳತೆಯ ಮಟ್ಟಿಗೆ ನೆಚ್ಚಬಹುದು ಎಂದು ಮೇಲೆ ಹೇಳಿದ ಎಲ್‌ಒಡಿ ಪಟ್ಟಿಯನ್ನೇ ಕರಾರಿಗೆ ಲಗತ್ತಿಸಿ. ಮುಖ್ಯ ಡಕ್ಟ್ ಎಂಜಿನಿಯರ್ ಕೈಯಿಂದ ಡೀಟೇಲರ್ ಕೈಗೆ ದಾಟುವ ದಿನ ಅದರಲ್ಲಿ ಸ್ಪಷ್ಟವಾಗಿರಲಿ. ಆ ದಿನದ ನಂತರ ಎಂಜಿನಿಯರ್ ತಮ್ಮ ಫೈಲಿನಿಂದ ಆ ಡಕ್ಟನ್ನು ತೆಗೆದು, ಡೀಟೇಲರ್ ಫೈಲನ್ನು ಲಿಂಕ್ ಮಾಡಿಕೊಳ್ಳಲಿ.